ಸಾಸಿವೆ ಕಾಳಷ್ಟು ಅರಗು

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಅಂಗಡಿಯಲ್ಲಿ ಬೆಳಿಗ್ಗೆಯಿಂದ ಏಳು ಕನ್ನಡಕ. ನಡುವೆ ನನ್ನ ಸಂಗ್ರಹಕ್ಕೆ ಪಾರ್ಸೆಲ್ — ಮ್ಯಾಜಿಕ್ ಮಾಡುವ ಮರದ ಬಟ್ಟಲು. ‘ಬಹಳ ಹಳೆಯದು, ಕೈಕೆಲಸ’ ಅಂತ ಚೀಟಿ ಬೇರೆ. ಭೂತಗನ್ನಡಿ ಹಿಡಿದರೆ ಗೀರುಗಳೆಲ್ಲ ಒಂದೇ ಅಳತೆ. ಮೆಷಿನ್ನಿನದು! ಕೈಯಲ್ಲಿ ಮಾಡಿದವನು ಎಲ್ಲಾದರೂ ಒಂದು ಕಡೆ ತಪ್ಪಿರುತ್ತಾನೆ. ಆ ತಪ್ಪು ಹುಡುಕುವುದೇ ನನ್ನ ಹುಚ್ಚು.

ಸಂಜೆ 7

ದೊಡ್ಡಪ್ಪನ ನಾಣ್ಯದ ಡಬ್ಬಿ ಕೊನೆಗೂ ನನ್ನ ಮೇಜಿನ ಮೇಲೆ. ಹದಿನೈದು ವರ್ಷ ಕೇಳಿದ್ದೇನೆ. ಹಿತ್ತಾಳೆ. ಮೇಲೊಂದು ಮುಚ್ಚಳ, ಕೆಳಗೊಂದು ಮುಚ್ಚಳ, ಎರಡೂ ಅವಳಿ-ಜವಳಿ. ಒಳಗೆ ಅಡ್ಡಗೋಡೆ. ಒಂದು ಕಡೆ ತೆರೆದರೆ ನಾಣ್ಯ, ಇನ್ನೊಂದು ಕಡೆ ಖಾಲಿ. ನೋಡುವವರ ಕೈಗೇ ಕೊಟ್ಟು, ಬೆನ್ನ ಹಿಂದೆ ಎಷ್ಟು ಸಲ ಬೇಕಾದರೂ ತಿರುಗಿಸಿ ಅನ್ನುತ್ತಾರೆ. ವಾಪಸ್ ಬಂದಾಗ ಯಾವ ಕಡೆ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೋ… ದೊಡ್ಡಮ್ಮನಿಗೂ ಹೇಳಿದವರಲ್ಲ.

“ಯಾರು ಮಾಡಿದ್ದು ಅಂತ ಕಂಡುಹಿಡಿ ನೋಡೋಣ. ಶನಿವಾರ ವಾಪಸ್ ಬೇಕಮ್ಮ. ಭಾನುವಾರ ಹಳೇ ಮ್ಯಾಜಿಕ್‌ನೋರೆಲ್ಲ ಸೇರ್ತೀವಿ. ಆರು ವರ್ಷ ಆದ್ಮೇಲೆ ಆಡ್ತಿದೀನಿ.”

ಎಡಗಣ್ಣು ಹೋಗಿದೆ. ಬಲಗಣ್ಣು ನಾನೇ ಪರೀಕ್ಷೆ ಮಾಡಿದ್ದು, ದೊಡ್ಡ ಅಕ್ಷರವೂ ಮಬ್ಬು. ಕೇಳಿದರೆ ನಗುತ್ತಾರೆ — “ನನ್ನ ಕಣ್ಣು ಹೆಬ್ಬೆರಳಲ್ಲಿದೆ ಕಣೇ.”

ಮಾರ್ಚ್ 5, ಬುಧವಾರ

ತೊಳೆಯಬಾರದು. ಹಳೇ ಸಾಮಾನು ಕೂಡಿಡುವವರ ಮೊದಲ ಪಾಠ. ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೆ! ಆದರೆ ಕೊಳೆಯ ಕೆಳಗೆ ಏನೋ ಗುರುತಿದೆ ಅನ್ನಿಸುತ್ತಿದೆ. ಅಂಚು ಮಾತ್ರ. ಸ್ವಲ್ಪ…

4 ಗಂಟೆ

ತೊಳೆದೆ. ಒಂದು ಮುಚ್ಚಳದ ಅಂಚಿಗೆ ಸಾಸಿವೆ ಕಾಳಷ್ಟು ಅರಗು ಅಂಟಿತ್ತು. ಯಾವುದೋ ಕಾಲದ ರಿಪೇರಿ ಇರಬೇಕು. ಸೂಜಿಯಲ್ಲಿ ಎಬ್ಬಿಸಿದೆ. ಅದರ ಕೆಳಗೇ — ಮೂರು ಚುಕ್ಕಿ! ಬೆರಳಿಗೆ ಸಿಗದಷ್ಟು ನವಿರು. ಎಡಕ್ಕೆ ವಾಲಿವೆ, ಮೂರನೆಯದು ಆಳ ಕಮ್ಮಿ. ಎಡಚನದು! ಹೆಸರು ಯಾರಿಗೂ ಗೊತ್ತಿಲ್ಲದ ಆ ಕುಶಲಕರ್ಮಿಗೆ ನಾವು ಸಂಗ್ರಹಕಾರರು ಇಟ್ಟ ಅಡ್ಡಹೆಸರು. ಇಲ್ಲಿಯವರೆಗೆ ಸಿಕ್ಕಿದ್ದು ನಾಲ್ಕೇ ಡಬ್ಬಿ. ಇದು ಐದನೆಯದು.

ಕುಣಿದುಬಿಟ್ಟೆ. “ಬೆಟ್ಟ ಅಗೆದು ಮೂರು ಚುಕ್ಕಿ ಹಿಡಿದೆಯಾ?” ಅಂದರು ಇವರು. ಗಂಡಂದಿರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಮಾರ್ಚ್ 8, ಶನಿವಾರ

ಚುಕ್ಕಿಗಳ ಫೋಟೋ ಸರಿ ಬರುತ್ತಿಲ್ಲ. ನಾಳೆ ಅಲ್ಲಿಗೇ ತಂದುಕೊಡುತ್ತೇನೆ ಅಂತ ದೊಡ್ಡಪ್ಪನಿಗೆ ಫೋನ್ ಮಾಡಿದೆ. “ಒಂದ್ಸಲ ಕೈಯಾಡಿಸ್ಬೇಕಿತ್ತು…” ಅಂದರು. ಆಮೇಲೆ, “ಇರ್ಲಿ ಬಿಡು.”

ಮಾರ್ಚ್ 9, ಭಾನುವಾರ, ಸಂಜೆ

ಹೇಗೆ ಬರೆಯಲಿ.

ಇಪ್ಪತ್ತು ಜನ, ಎಲ್ಲ ಅದೇ ಕಸುಬಿನವರು. ಒಬ್ಬರು ಡಬ್ಬಿ ತಿರುಗಿಸಿ ವಾಪಸ್ ಕೊಟ್ಟರು. ದೊಡ್ಡಪ್ಪನ ಹೆಬ್ಬೆರಳು ಅಂಚಿನ ಮೇಲೆ ಒಂದು ಸುತ್ತು ಬಂತು. ಇನ್ನೊಂದು ಸುತ್ತು. ಡಬ್ಬಿ ಮಗುಚಿ ಆ ಕಡೆಯೂ ಒಂದು ಸುತ್ತು. ಸಾಸಿವೆ ಕಾಳು. ಅದು ರಿಪೇರಿ ಅಲ್ಲ.

“ಮಾಯ!” ಅಂದು ತೆರೆದರು. ನಾಣ್ಯ ಅಲ್ಲೇ ಕೂತಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮಾರ್ಚ್ 11, ಮಂಗಳವಾರ

ಅಂಗಡಿಗೆ ಬಂದಿದ್ದರು. ಡಬ್ಬಿ ನನ್ನ ಕೈಗಿಟ್ಟರು.

“ಗುಟ್ಟು ಇನ್ನು ಯಾಕೆ, ಕೇಳು. ಅಂಚಿಗೆ ಒಂದು ಚೂರು ಅರಗು ಇಟ್ಟಿದ್ದೆ. ಮೊನ್ನೆ ಸಿಗಲೇ ಇಲ್ಲ. ಸಕ್ಕರೆ ಕಾಯಿಲೆಗೆ ಬೆರಳು ಜೋಮು ಹಿಡಿಯುತ್ತೆ ಅಂತ ಡಾಕ್ಟರು ಹೇಳಿದ್ರು. ಕಣ್ಣು ಹೋಯ್ತು, ಈಗ ಬೆರಳೂ ಕೈ ಕೊಡ್ತು. ಇನ್ನು ಆಡಲ್ಲಮ್ಮ. ಮ್ಯಾಜಿಕ್ ಸಾಮಾನಿನ ಪೆಟ್ಟಿಗೇನೇ ಕೊಡ್ತೀನಿ, ನೀನೇ ಇಟ್ಕೋ.”

ಇಡೀ ಪೆಟ್ಟಿಗೆ! ಹದಿನೈದು ವರ್ಷದ ಆಸೆ. ಬಾಯಿ ತೆರೆದೆ. ಬಂದಿದ್ದು, “ಆಗಲಿ ದೊಡ್ಡಪ್ಪ.”

ಥೂ.

ಮಾರ್ಚ್ 19, ಬುಧವಾರ

ಎಂಟು ದಿನ ಬರೆಯಲಾಗಲಿಲ್ಲ. “ಡಬ್ಬಿಗೆ ಯಾರಾದ್ರೂ ಏನಾದ್ರೂ ಮಾಡಿದ್ರಾ?” ಅಂತ ಇವರು ಸುಮ್ಮನೆ ಕೇಳಿದ್ದು. “ನನ್ನನ್ಯಾಕೆ ಕೇಳ್ತೀರಾ?” ಅಂತ ಹರಿಹಾಯ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅರಗು ಕರಗಿಸಿ ಮತ್ತೆ ಒಂದು ಕಾಳು ಅಂಟಿಸಿದೆ. ‘ಇನ್ನೊಂದ್ಸಲ ನೋಡಿ ದೊಡ್ಡಪ್ಪ, ಇಲ್ಲೇ ಇದೆಯಲ್ಲ’ ಅಂದರೆ ಮುಗಿಯಿತು. ಬೆರಳು ವಾಪಸ್, ನನ್ನ ಮಾನವೂ ಉಳಿಯಿತು. ಆದರೆ ನಾಲ್ಕು ದಶಕ ಸವರಿದ ಬೆರಳು ಅದು. ಹೊಸ ಅರಗು ಗೊತ್ತಾಗದೇ ಇರುತ್ತದಾ? ಗೊತ್ತಾಗದಿದ್ದರೂ… ಆ ಇಪ್ಪತ್ತು ಜನರ ಮುಂದೆ ಕೂತ ಅವರ ಮುಖ ನೋಡಿದವಳು ನಾನು.

ಕಿತ್ತು ಹಾಕಿದೆ.

ಮಾರ್ಚ್ 22, ಶನಿವಾರ, 11 ಗಂಟೆ

ದೊಡ್ಡಪ್ಪ ಪೆಟ್ಟಿಗೆ ತಗೊಂಡು ಹೊರಟಿದ್ದಾರಂತೆ. ಮೂರು ಕನ್ನಡಕದ ಗಾಜು ತಪ್ಪು ಫ್ರೇಮಿಗೆ ಹಾಕಿದೆ. ಹೇಳಿಬಿಡುತ್ತೇನೆ. ಎಲ್ಲ ವಾಪಸ್ ತಗೊಂಡು ಹೋಗಲಿ, ನನ್ನ ಜೊತೆ ಮತ್ತೆ ಮಾತಾಡದೇ ಇರಲಿ, ಮ್ಯಾಜಿಕ್ ಮಾತ್ರ ಆಡಲಿ.

ಬಂದರು. ರಸ್ತೆಯಾಚೆ ನಿಂತಿದ್ದಾರೆ. ಎದೆಗವಚಿ ಪೆಟ್ಟಿಗೆ ಹಿಡಿದಿದ್ದಾರೆ, ಹೆಬ್ಬೆರಳು ಅದರ ಅಂಚನ್ನು ಸವರುತ್ತಲೇ ಇದೆ. ಮೊದಲ ಮಾತು ಇಲ್ಲೇ ಬರೆದಿಟ್ಟುಕೊಳ್ಳುತ್ತೇನೆ, ಬಾಯಿ ಕಟ್ಟಿದರೆ ಓದಿಯಾದರೂ ಹೇಳಬಹುದು —

ದೊಡ್ಡಪ್ಪ, ನಿಮ್ಮ ಬೆರಳಿಗೆ ಏನೂ ಆಗಿಲ್ಲ. ನಾನೇ