ಎರಡು ಸಲ ತಟ್ಟಿದರೆ ಪಾಸು

ಮಾರ್ಚ್ ೪, ಮಂಗಳವಾರ

ಪ್ರೀತಿಯ ಚಿನ್ನಿ,

ಎರಡು ಕಾಗದ ಬರೆದರೂ ಅಕ್ಕನಿಂದ ಉತ್ತರವಿಲ್ಲ ಎಂದು ಬೈದುಕೊಂಡಿರುತ್ತೀ. ಬೈದು ಮುಗಿದಿದ್ದರೆ ಇದನ್ನು ಓದು. ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಮೊಮ್ಮಗಳು ನಡೆಯಲು ಶುರುಮಾಡಿದಳಂತೆ. ಇನ್ನು ಅವಳ ಹಿಂದೆ ಓಡಿ ಓಡಿ ನಿನ್ನ ಮಂಡಿಯೂ ಹೋಗುತ್ತದೆ, ನೋಡಿಕೋ.

ಜ್ವರ ಬಿಟ್ಟಿತೇ ಎಂದು ನೀನು ಕೇಳಿದ್ದೆ. ಬಿಟ್ಟಿತು. ಹೋಗುವಾಗ ನನ್ನ ಮೂಗನ್ನೂ ಬಾಯಿರುಚಿಯನ್ನೂ ಎತ್ತಿಕೊಂಡು ಹೋಯಿತು. ಖಾರ ಉರಿಯುತ್ತದೆ, ಐಸು ತಣ್ಣಗಿರುತ್ತದೆ, ಮಿಕ್ಕಿದ್ದೆಲ್ಲ ಒದ್ದೆ ಬಟ್ಟೆ ಜಗಿದ ಹಾಗೆ. ಡಾಕ್ಟರು "ವಾಪಸ್ ಬಂದರೂ ಬರಬಹುದು" ಎಂದರು. ನಮ್ಮ ಬಾಟಲಿ ಮೆಷಿನ್ ರಿಪೇರಿಯವನೂ ಇದೇ ದನಿಯಲ್ಲಿ ಹೇಳುತ್ತಾನೆ.

ನಮ್ಮ ಉಪ್ಪಿನಕಾಯಿ ಕಾರ್ಖಾನೆಯ ರೂಢಿ ನಿನಗೆ ಗೊತ್ತೇ ಇದೆ. ನಾನು ಮರದ ಸೌಟಿನಲ್ಲಿ ರುಚಿ ನೋಡಿ ಪೀಪಾಯಿಗೆ ಎರಡು ಸಲ ತಟ್ಟಬೇಕು. ತಟ್ಟಿದರೆ ಪಾಸು, ಮಾಲು ಬಾಟಲಿಗೆ ಇಳಿಯುತ್ತದೆ. ರುಚಿ ಹೋಗಿದೆ ಎಂದು ಹೇಳಿದ ದಿನವೇ ನನಗೆ ಬಾಗಿಲ ಪಕ್ಕದ ಕುರ್ಚಿಗೆ ಬಡ್ತಿ. ಅದಕ್ಕೇ ಯಾರಿಗೂ ಹೇಳಲಿಲ್ಲ. ರಸದ ಬಣ್ಣ ನೋಡಿ, ಹೋಳಿನ ಬಿಗಿ ನೋಡಿ, ಎದುರಿಗಿದ್ದವರ ಮುಖ ನೋಡಿ ತಟ್ಟುತ್ತಾ ಬಂದೆ.

ಅಂಥ ಹೊತ್ತಿನಲ್ಲಿ ಆಹಾರ-ಪಾನೀಯ ಮೇಳದವರು ತೀರ್ಪು ಕೊಡಲು ಬನ್ನಿ ಎಂದು ಕರೆದರು. ಒಲ್ಲೆ ಎಂದರೆ ಕಾರಣ ಹೇಳಬೇಕು, ಒಪ್ಪಿಕೊಂಡೆ. ನಮ್ಮ ಸೊಸೆ ಉಪ್ಪಿನಕಾಯಿ ಸ್ಪರ್ಧೆಗೆ ಒಂದು ಜಾಡಿ ಇಟ್ಟಿದ್ದರಿಂದ ನನ್ನನ್ನು ಆ ಮೇಜಿನ ಹತ್ತಿರ ಬಿಡದೆ ಶರಬತ್ತಿನ ಮೇಜಿಗೆ ಹಾಕಿದರು. ಆ ಜಾಡಿಯಲ್ಲಿದ್ದದ್ದು ಅಮ್ಮನ ನಿಂಬೆ ಉಪ್ಪಿನಕಾಯಿ. ಸೊಸೆ ಅಮ್ಮನನ್ನು ಕಂಡವಳಲ್ಲ. ನಾನು ನೆನಪು ಮಾಡಿಕೊಂಡು ಹೇಳುತ್ತೇನೆ, ಅವಳು ಪ್ರತಿ ವರ್ಷ ಮಾಡುತ್ತಾಳೆ, ನಾನು ಪ್ರತಿ ವರ್ಷ "ಏನೋ ಒಂದು ಕಮ್ಮಿ" ಎನ್ನುತ್ತೇನೆ. ಈ ಸಲ ನನ್ನನ್ನು ಕೇಳದೆಯೇ ಕಟ್ಟಿಕೊಂಡು ಹೊರಟಳು.

ಭಾನುವಾರ ಹೋದೆವು. ಮೈದಾನದ ತುಂಬ ಡೇರೆ. ಚೀಸಿನವನು ಚಾಕುವಿನ ತುದಿಯಲ್ಲಿ ಚೂರು ಕೊಡುತ್ತಾನೆ. ತಿಂದವರು ತಿಂದೆವೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೆ ಸಾಲಿಗೆ ನಿಲ್ಲುತ್ತಾರೆ. ಜೇನಿನವಳು ಧಾರಾಳಿ, ಅಂಗೈ ತುಂಬ ಸುರಿದಳು. ಜನ ನೆಕ್ಕಿಕೊಂಡು ಕೈ ತೊಳೆಯಲು ನಲ್ಲಿ ಹುಡುಕಿ ಹೋದವರು ತಿರುಗಿ ಬರಲಿಲ್ಲ. ನಲ್ಲಿ ಇದ್ದದ್ದು ಹಣ್ಣಿನ ರಸದವನ ಪಕ್ಕದಲ್ಲಿ. ದಿನದ ವ್ಯಾಪಾರವೆಲ್ಲ ಅವನದೇ.

ನನ್ನ ಜೊತೆ ತೀರ್ಪಿಗೆ ಕೂತವನು ನಮ್ಮ ಬೀದಿಯ ಬೇಕರಿಯವನು. ಅವನ ಬಾಯಿ ನಿನಗೆ ಗೊತ್ತಲ್ಲ.

"ಏನಕ್ಕಾ, ಹುಳಿ ಮಂದಿ ಸಿಹಿ ಕಡೆ ಬಂದ್ಬಿಟ್ರಿ?"

"ನಿನ್ನ ಕೇಕ್ ತಿಂದು ತಿಂದು ಸಿಹಿ ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತಪ್ಪ. ನೋಡ್ಕೊಂಡು ಹೋಗೋಣ ಅಂತ ಬಂದೆ."

ನನ್ನ ಉಪಾಯ ಸುಲಭದ್ದು. ಅವನು ಮೊದಲು ಕುಡಿಯಲಿ ಎಂದು ಕಾಯುವುದು. ಹುಬ್ಬು ಏರಿದರೆ ಏಳು ಅಂಕ, ಇಳಿದರೆ ನಾಲ್ಕು. ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಅವನಿಗೆ ಫೋನು ಬಂದು ಆ ಕಡೆ ತಿರುಗಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮುಂದಿನ ಲೋಟ ಎತ್ತಿ ಕುಡಿದೆ. ಗಂಟಲು ಸ್ವಲ್ಪ ಉರಿಯಿತು. "ಶುಂಠಿ ಹದವಾಗಿದೆ" ಎಂದು ಮೇಜಿಗೆ ಎರಡು ಸಲ ತಟ್ಟಿದೆ.

ಬೇಕರಿಯವನು ಬಂದು ನನ್ನ ಮಾತು ನಂಬಿ ಒಂದೇ ಗುಟುಕಿಗೆ ಎತ್ತಿದ. ಅರ್ಧ ಕರ್ಚೀಫಿಗೆ ಹೋಯಿತು.

"ಅಕ್ಕಾ, ಇದು ವಿನೆಗರ್."

ಪಕ್ಕದ ಮೇಜಿನ ಮಾಲು ನಮ್ಮ ತಟ್ಟೆಗೆ ಬಂದು ಕೂತಿತ್ತು. ಅಷ್ಟರಲ್ಲಿ ಸೊಸೆ ಎಲ್ಲಿದ್ದಳೋ, ನೀರಿನ ಲೋಟ ಹಿಡಿದು ಬಂದಳು.

"ಅದು ಅತ್ತೆಗೆ ಅಂತ ನಾನೇ ಇಟ್ಟಿದ್ದು. ನಡುನಡುವೆ ವಿನೆಗರ್ ಹಾಕಿ ನಾಲಿಗೆ ತೊಳ್ಕೊಳ್ತಾರೆ. ನಿಮಗ್ಯಾರು ಕುಡೀರಿ ಅಂದಿದ್ದು?"

"ಮತ್ತೆ ಶುಂಠಿ ಅಂದ್ರಲ್ಲ?"

"ತಮಾಷೆಗೆ ಅಂದ್ರು. ನೀವು ನಂಬಿ ಕುಡಿದ್ರಿ."

ಡೇರೆಯೆಲ್ಲ ಅವನನ್ನು ನೋಡಿ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಸೊಸೆಯ ಮುಖ ನೋಡಿದೆ. ಇವಳಿಗೆ ಗೊತ್ತಿದೆ.

ಸಂಜೆ ಬಹುಮಾನ ಹೇಳಿದರು. ಉಪ್ಪಿನಕಾಯಿಯಲ್ಲಿ ಸೊಸೆಯ ಜಾಡಿಗೇ ಮೊದಲನೆಯದು. ಅಮ್ಮನ ಕಾಲದ ದಿನಸಿ ಅಂಗಡಿಯವರು, ಈಗ ಕೋಲು ಹಿಡಿದಿದ್ದಾರೆ, ಒಂದು ಹೋಳು ಬಾಯಿಗಿಟ್ಟುಕೊಂಡು, "ಇದು ನಿಮ್ಮಮ್ಮನ ಕೈಯೇ ಕಣಮ್ಮಾ" ಎಂದರು.

ವಾಪಸ್ ಬರುವಾಗ ವ್ಯಾನಿನಲ್ಲಿ ನಾವಿಬ್ಬರೇ. ಸೊಸೆ ಓಡಿಸುತ್ತಿದ್ದಳು.

"ಯಾವಾಗಿಂದ ಗೊತ್ತು ನಿಂಗೆ?"

"ಜ್ವರ ಬಿಟ್ಟು ನೀವು ಕೆಲಸಕ್ಕೆ ಬಂದ ದಿನದಿಂದ. ಮೂಲೆ ಪೀಪಾಯಿಗೆ ಉಪ್ಪೇ ಬಿದ್ದಿರ್ಲಿಲ್ಲ. ನೀವು ತಟ್ಟಿದ್ರಿ."

"ಆಮೇಲೆ?"

"ನೀವು ಊಟಕ್ಕೆ ಹೋದಾಗ ಉಪ್ಪು ಹಾಕಿ ಕಲಸಿದೆ. ಅವತ್ತಿಂದ ನೀವು ತಟ್ಟಿದ್ದನ್ನೆಲ್ಲ ಇನ್ನೊಂದ್ಸಲ ನೋಡ್ತಿದ್ದೀನಿ."

"ನಂಗೊಂದು ಮಾತು ಹೇಳೋಕೇನಾಗಿತ್ತು?"

"ನೀವು ನಂಗೆ ಹೇಳಿದ್ರಾ, ಅತ್ತೆ?"

ಇದಕ್ಕೆ ಉತ್ತರವಿದ್ದರೆ ಬರೆದು ಕಳಿಸು, ಇಟ್ಟುಕೊಂಡಿರುತ್ತೇನೆ.

ನಿನ್ನೆ ಬೆಳಿಗ್ಗೆ ಕಾರ್ಖಾನೆಯಲ್ಲಿ ಎಲ್ಲರನ್ನೂ ಕರೆದು ನನ್ನ ರುಚಿ ಹೋಗಿರುವುದನ್ನು ನಾನೇ ಹೇಳಿದೆ. ಸೌಟು ಸೊಸೆಯ ಕೈಗೆ ಕೊಟ್ಟೆ. ಇನ್ನು ರುಚಿ ನೋಡುವವಳು ಅವಳು, ತಟ್ಟುವವಳು ನಾನು. ಅದೂ ಬಿಟ್ಟುಕೊಟ್ಟರೆ ನಾಳೆ ನನ್ನ ಮೇಲೆ ಖಾಲಿ ಬಾಟಲಿ ಜೋಡಿಸುತ್ತಾರೆ.

ಮನೆಯವರೆಲ್ಲ ಚೆನ್ನಾಗಿರಿ. ಮಗುವಿನ ನೆತ್ತಿಗೊಂದು ಮುತ್ತು ಕೊಡು, ದೊಡ್ಡಜ್ಜಿಯದು ಎಂದು ಹೇಳಿಯೇ ಕೊಡು. ಅದರ ಕಾಲು ಗಟ್ಟಿಯಾಗಲಿ, ನಿನ್ನದೂ.

ನಿನ್ನ ಅಕ್ಕ

ತಾ.ಕ.: ಈ ಕಾಗದದ ಜೊತೆ ಒಂದು ಚಿಕ್ಕ ಜಾಡಿ ಇದೆ, ಹುಷಾರಾಗಿ ಬಿಚ್ಚು. ಭಾನುವಾರ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಕೂತು ನಾನೂ ಒಂದು ಹೋಳು ತಿಂದೆ. ಕಣ್ಣು ಮುಚ್ಚಿ ಬಹಳ ಹೊತ್ತು ಜಗಿದೆ. ಇಷ್ಟು ವರ್ಷ ಕಮ್ಮಿ, ಕಮ್ಮಿ ಎಂದು ಅವಳನ್ನು ಕಾಡಿದ್ದೆನಲ್ಲ, ಆ ಕಮ್ಮಿ ತುಂಬಿದ ವರ್ಷ ನನ್ನ ಬಾಯಿಗೆ ಅದು ಬರೀ ಒದ್ದೆ ಬಟ್ಟೆ. ಸೊಸೆ ಎದುರಿಗೇ ನಿಂತಿದ್ದಳು. ನನ್ನ ಕೈ ತಾನಾಗಿ ಮೇಜು ತಟ್ಟಲು ಹೋಯಿತು. ಅವಳು ಆ ಕೈಯನ್ನು ಹಿಡಿದುಕೊಂಡು, "ಇದಕ್ಕೆ ಬೇಡ ಅತ್ತೆ. ಚಿಕ್ಕತ್ತೆಗೆ ಕಳಿಸೋಣ" ಎಂದಳು.

ಅಮ್ಮನ ರುಚಿ ಗೊತ್ತಿರುವ ನಾಲಿಗೆ ಈಗ ನಮ್ಮ ಮನೆಯಲ್ಲಿ ನಿನ್ನದೊಂದೇ. ತಿಂದು ನೋಡು. ಅದೇ ಆಗಿದ್ದರೆ ಹೌದು ಎಂದು ಬರಿ. ನನಗಲ್ಲ, ಅವಳಿಗೆ ಬರಿ.