ನಳಿನಿಯ ಪರವಾಗಿ

ಸೊರಬ
೧೪-೯-೧೯೫೮, ಭಾನುವಾರ

ಪ್ರೀತಿಯ ತಂಗಿ ಹಾಲಮ್ಮನಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಶಿಕಾರಿಪುರದಲ್ಲಿ ನೀನೂ ಚಿಕ್ಕಮ್ಮನೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಅತ್ತೆಯವರ ಮೊಣಕಾಲು ಬಾತು, ಅವರನ್ನು ಎತ್ತಿ ಕೂರಿಸುವುದೇ ಹದಿನೈದು ದಿನದ ಕೆಲಸವಾಗಿತ್ತು. ಈಗ ಗೋಡೆ ಹಿಡಿದು ಓಡಾಡುತ್ತಾರೆ.

ಮಾಸಪತ್ರಿಕೆಯಲ್ಲಿ ನನ್ನ ಪತ್ರ ನೋಡಿ ಆಶ್ಚರ್ಯವಾಯಿತೆಂದು ಬರೆದಿದ್ದೀಯ. ಅದು ಹೇಗಾಯಿತೆಂದು ಹೇಳುತ್ತೇನೆ.

ನಮ್ಮ ಜವಳಿ ಅಂಗಡಿಗೆ ಪತ್ರಿಕೆ ಬಂದ ಮಧ್ಯಾಹ್ನ ಪಕ್ಕದ ಮನೆಯ ಬಂಗಾರಮ್ಮ, ಎದುರು ಮನೆಯ ಹೂವಮ್ಮ ಇಬ್ಬರೂ ನಮ್ಮ ಪಡಸಾಲೆಗೆ ಬಂದು ಕೂರುತ್ತಾರೆ. ಅವರು ಅಕ್ಕಿ ಆರಿಸುತ್ತಾರೆ, ನಾನು ರಕ್ತಪಿಶಾಚಿಯ ಧಾರಾವಾಹಿ ಓದುತ್ತೇನೆ. ಸತ್ತ ಮೇಲೂ ಜನರ ರಕ್ತ ಕುಡಿದು ಬದುಕುವ ಆ ಜಮೀನ್ದಾರ, ಒಳಗಿನವರು ಕರೆಯದೆ ಯಾರ ಹೊಸ್ತಿಲನ್ನೂ ದಾಟುವಂತಿಲ್ಲವಲ್ಲ. ಆ ಊರಿನ ಹುಡುಗಿ ನಳಿನಿ ಬಾಗಿಲು ತೆಗೆದು ಕರೆದಳು. ಅವನು ಬಂದು ಅವಳ ರಕ್ತವನ್ನೇ ಕುಡಿದು ಅವಳನ್ನೂ ಪಿಶಾಚಿ ಮಾಡಿದ. ಜುಲೈ ಸಂಚಿಕೆಯಲ್ಲಿ ಊರಿನವರೆಲ್ಲ ಸೇರಿ ಅವಳ ಎದೆಗೆ ಗೂಟ ಹೊಡೆದರು.

"ಆಗ್ಬೇಕಾದ್ದೇ ಆಯ್ತು ಬಿಡಿ," ಎಂದಳು ಬಂಗಾರಮ್ಮ. "ಗುರುತಿಲ್ಲದ ಗಂಡಸನ್ನ ನಗ್ತಾ ಒಳಗೆ ಕರೆದ್ಲಲ್ಲ."

"ಅವಳಿಂದ್ಲೇ ಊರು ಹಾಳಾಗಿದ್ದು," ಎಂದಳು ಹೂವಮ್ಮ. ನಾನೂ ತಲೆಯಾಡಿಸಿದೆ, ಅದನ್ನು ಮುಚ್ಚಿಡುವುದಿಲ್ಲ.

ಅಕ್ಷರ ಬಾರದ ನಮ್ಮ ಅತ್ತೆಯವರು ಕಾಲು ನೀವಿಕೊಳ್ಳುತ್ತಾ ಕೇಳಿದರು, "ಅಲ್ಲ ಜಗದಾಂಬ, ಬಾಗಿಲು ತೆಗಿ ಅಂದಿದ್ದು ಅವಳ ಅಣ್ಣ ಅಲ್ವಾ? ನೀನೇ ಓದಿದ್ಯಲ್ಲ."

ಹಳೆಯ ಸಂಚಿಕೆ ತೆಗೆದು ನೋಡಿದೆ. ಎರಡನೆಯ ಅಧ್ಯಾಯದಲ್ಲಿ ಅದು ಇತ್ತು. "ಆ ಮನುಷ್ಯನನ್ನು ಕಂಡರೆ ಭಯ" ಎಂದು ನಳಿನಿ ಹಿಂಜರಿದರೆ, "ದೊಡ್ಡವರು ಬಂದಿದ್ದಾರೆ, ನಗುಮುಖದಿಂದ ಕರಿ" ಎಂದು ಅಣ್ಣ ಗದರುತ್ತಾನೆ. ಆ ಮಾತನ್ನು ಬರೆದವರೇ ಮರೆತರು. ಇನ್ನೊಂದು ಕಡೆ, ಪಿಶಾಚಿಯಾಗಿ ಮೂರು ದಿನ ಹಸಿದ ನಳಿನಿ ಅಣ್ಣನ ಮಗುವಿನ ತೊಟ್ಟಿಲ ಹತ್ತಿರ ಬರುತ್ತಾಳೆ; ಜಾರಿದ ಹೊದಿಕೆಯನ್ನು ಹೊದಿಸಿ ಹಾಗೇ ಹಿಂದಕ್ಕೆ ಹೋಗುತ್ತಾಳೆ. ಅದಕ್ಕೆ ಎರಡು ಸಾಲು ಕೊಟ್ಟಿದ್ದಾರೆ. ಗೂಟ ಹೊಡೆದದ್ದಕ್ಕೆ ನಾಲ್ಕು ಪುಟ.

ಮರುದಿನವೇ ಸಂಪಾದಕರಿಗೆ ಬರೆದೆ. ಹೇಳಿದ ಮಾತು ಕೇಳಿದ್ದು ಬಿಟ್ಟರೆ ನಳಿನಿಯ ತಪ್ಪೇನು, ಅಷ್ಟು ಹಸಿವಿನಲ್ಲೂ ಕೈ ಹಿಂತೆಗೆದವಳು ಪಿಶಾಚಿ ಹೇಗಾದಳು ಎಂದು ಕೇಳಿದೆ. ಗೂಟ ಹೊಡೆಯುವಾಗ ಅಣ್ಣ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದ, "ನಾನು ಹೇಳಿದ್ದಕ್ಕೆ ಕರೆದಳು" ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ ಎಂದೂ ಬರೆದೆ.

ಆಗಸ್ಟಿನಲ್ಲಿ ಅದು ಅಚ್ಚಾಯಿತು. ನಮ್ಮವರು ಪತ್ರಿಕೆ ಹಿಡಿದು ಊಟದ ಹೊತ್ತಿಗೆ ಬಂದರು. "ಶೇಷಪ್ಪ ಮೇಷ್ಟ್ರು ಅಂಗಡೀಲಿ ಎಲ್ಲರ ಮುಂದೆ ಓದಿದ್ರು. ನಿಮ್ಮನೆಯವರು ಪಿಶಾಚಿಗೆ ವಕಾಲತ್ತು ಹಾಕಿದಾರೆ ಅಂತ ನಗ್ತಿದ್ರು. ಬರೆದಿದ್ದೇನೋ ಸರಿಯಾಗೇ ಇದೆ. ಆದ್ರೆ ಕೆಳಗೆ ನನ್ನ ಹೆಸರು ಯಾಕೆ ಸೇರಿಸ್ದೆ?"

"ಬರೀ ಜಗದಾಂಬ ಅಂತಿದ್ರೆ ಅವರು ಹಾಕ್ತಿರ್ಲಿಲ್ಲ ರೀ," ಎಂದೆ.

ಅವರು ಸ್ವಲ್ಪ ಯೋಚಿಸಿ, "ಅದೂ ನಿಜ," ಎಂದು ಊಟಕ್ಕೆ ಕುಳಿತರು.

ಬಂಗಾರಮ್ಮ ಒಂದು ವಾರ ನಮ್ಮ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಬಂದು, "ಜಗದಾಂಬಕ್ಕ, ಆ ತೊಟ್ಟಿಲಿನ ಭಾಗ ಇನ್ನೊಂದ್ಸಲ ಓದಿ," ಎಂದಳು. ಓದಿದೆ. ಕೇಳಿ ಎದ್ದು ಹೋದಳು.

ನಿನ್ನ ಹೊಲಿಗೆ ತರಗತಿಯ ಹುಡುಗಿಯರಿಗೆ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಕಟ್ಟಿಟ್ಟಿದ್ದೇನೆ. ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕೈಕೆಲಸ ಕೈಬಿಡದೆ ನಿನ್ನನ್ನು ಕಾಯಲಿ, ಕಣ್ಣು ಚುರುಕಾಗಿರಲಿ.

ಇಂತಿ ನಿನ್ನ ಅಕ್ಕ,
ಜಗದಾಂಬ

ತಾ.ಕ.: ಹನ್ನೊಂದು ವರ್ಷದ ಹಿಂದೆ ಆ ಎತ್ತಿನ ದಲ್ಲಾಳಿ ಅಪ್ಪನನ್ನು ಕೇಳಿಕೊಂಡು ಜಡೆ ಊರಿನ ನಮ್ಮ ತವರುಮನೆಗೆ ಬಂದಾಗ ಅಪ್ಪ, ಅವ್ವ ಇಬ್ಬರೂ ಗದ್ದೆಯಲ್ಲಿದ್ದರು. ನಾನು ಬಾಣಂತಿ, ಕೋಣೆಯಲ್ಲಿ ಮಲಗಿದ್ದೆ. ಬಾಗಿಲು ತೆಗೆದು ಅವನನ್ನು ಕೂರಿಸು ಎಂದು ಕೂಗಿ ಹೇಳಿದವಳು ನಾನು. "ಬ್ಯಾಡ ಅಕ್ಕ, ಅವನು ಸರಿ ಇಲ್ಲ," ಎಂದು ನೀನು ಅಂದೆ. ನಾನು ಗದರಿದೆ. ಆಮೇಲೆ ನೀನು ಕೂಗಿಕೊಂಡದ್ದೂ ನನಗೆ ಕೇಳಿಸಿತು. ಸಂಜೆ ಅಪ್ಪ ನಿನ್ನನ್ನು ಎದುರು ನಿಲ್ಲಿಸಿ, "ಗಂಡಸರಿಲ್ಲದ ಹೊತ್ತಲ್ಲಿ ಅವನನ್ನ ಯಾಕೆ ಕರೆದೆ?" ಎಂದು ಕೇಳಿದಾಗ ನಾನು ಮಗುವಿಗೆ ಹಾಲು ಕುಡಿಸುತ್ತಾ ಸುಮ್ಮನೆ ಕುಳಿತಿದ್ದೆ. ಗೊತ್ತಾಗಿದ್ದ ನಿನ್ನ ಮದುವೆ ಮುರಿಯಿತು. ನೀನು ಒಂದು ದಿನವೂ ನನ್ನ ಹೆಸರು ಹೇಳಲಿಲ್ಲ.

ಗುರುವಾರ ಬಸ್ಸು ಹತ್ತಿ ಜಡೆಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಹೇಳ್ತೀಯ?" ಎಂದರು. ನಾನು ಹೊರಡುವ ಹೊತ್ತಿಗೆ ನನ್ನ ಮುಖ ನೋಡದೆ, "ಹಾಲಮ್ಮ ಹೆಂಗಿದಾಳೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಬಸ್ಸಿನಲ್ಲಿ ಕುಳಿತ ಮೇಲೆ ತಿಳಿಯಿತು, ಆ ಮಾತನ್ನು ನಾನು ನಿನ್ನನ್ನು ಒಮ್ಮೆಯೂ ಕೇಳಿಯೇ ಇಲ್ಲ.