ಅಪರಿಚಿತರ ಪೆಟ್ಟಿಗೆ

ಕ್ರಿ.ಶ. 2231, ಫೆಬ್ರವರಿ 30
ರಾಣೆಬೆನ್ನೂರು

ಶ್ರೀಮತಿ ನೀಲಗಂಗಾ ಮುದೇನೂರ ಅವರಿಗೆ ಹೊನ್ನಿಲ ಎಂಬಾಕೆಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿಗೆ ಕೊನೆಗೂ ನ್ಯಾಯ ಸಿಕ್ಕಿದೆ. ನನ್ನ ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮಂಥವರು ಬರೆದದ್ದನ್ನು ಓದಿಯೇ.

ನಾನು ಓಲೆಗಣ್ಣಿ. ಹಳೆಯ ಜಾಲತಾಣಗಳಲ್ಲಿ ಯಾರೂ ತೆರೆಯದೆ ಉಳಿದ ಸಂದೇಶಗಳನ್ನು ಅಳಿಸುವ ಮೊದಲು ಒಬ್ಬ ಮನುಷ್ಯ ಒಮ್ಮೆಯಾದರೂ ಓದಬೇಕೆಂದು ನಮ್ಮಲ್ಲಿ ಕಟ್ಟಳೆ ಇದೆ. ಓದುವವರಿಗೆ ಆ ಹೆಸರು. ಬೆಳಿಗ್ಗೆ ನೆರಳುಬೀದಿ ಹಿಡಿದು ಹೊರಡುತ್ತೇನೆ. ಬಿಸಿಲಿಗೆ ಹೆದರಿ ಬೀದಿಗಳಿಗೆಲ್ಲ ಬಟ್ಟೆಯ ಮಾಡು ಹೊದಿಸಿದ್ದೇವೆ. ದಾರಿಯಲ್ಲಿ ಓಣಿಯ ಅಡುಗೆಮನೆಯಿಂದ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಳ್ಳುತ್ತೇನೆ. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ದಿನಾ ಗೊಣಗುತ್ತೇನೆ, ದಿನಾ ತಿನ್ನುತ್ತೇನೆ. ಆಮೇಲೆ ಸಂಜೆಯವರೆಗೆ ಓದು. ಈ ಕೆಲಸವನ್ನು ನಾನು ಕೇಳಿ ಪಡೆದದ್ದಲ್ಲ. ಹದಿನೆಂಟು ತುಂಬಿದ ದಿನ ಹಂಚಿಕೆ ಎಂಬ ಯಂತ್ರ ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡುತ್ತದೆ. ಇಲ್ಲಿ ಯಾರೂ ಖಾಲಿ ಕೂರುವುದಿಲ್ಲ, ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಒಳ್ಳೆಯದೇ ಅನ್ನಿ. ಆದರೆ ನಲವತ್ತು ವರ್ಷದಲ್ಲಿ ಒಬ್ಬರೂ ನನಗೆ 'ನೀವೇ ಬೇಕು' ಎಂದಿಲ್ಲ.

ಕಳೆದ ತಿಂಗಳು ನಿಮ್ಮ ಖಾತೆ ನನ್ನ ಮುಂದೆ ಬಂತು. ಉದ್ಯೋಗಸ್ಥರು ಪರಿಚಯ ಬೆಳೆಸುವ ಆ ತಾಣದಲ್ಲಿ ನೀವು ಕೆಲಸ ಕೇಳಿ ಮೂವತ್ತೊಂದು ಜನರಿಗೆ ಬರೆದಿದ್ದಿರಿ. ಅತ್ತೆಯವರ ಆರೈಕೆಗೆಂದು ಬೀಜ ಪರೀಕ್ಷೆಯ ಕೆಲಸ ಬಿಟ್ಟು ಏಳು ವರ್ಷವಾಗಿತ್ತು, ಅವರು ತೀರಿಕೊಂಡಿದ್ದರು, ಮತ್ತೆ ಲ್ಯಾಬಿಗೆ ಹೋಗಬೇಕೆಂಬ ಆಸೆ ನಿಮ್ಮ ಪ್ರತಿ ಸಾಲಿನಲ್ಲೂ ಇತ್ತು. ಕೆಲಸ ಹುಡುಕುವ ಉಳಿದವರು ಒಂದೇ ಒಕ್ಕಣೆಯನ್ನು ಊರಿಗೆಲ್ಲ ಹಂಚುತ್ತಿದ್ದರು. ನೀವು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಮೊದಲು ಕ್ಷೇಮ ವಿಚಾರಿಸಿ ಬರೆದಿರಿ. ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ತಾಯಿ ಎಂದು ನಿಮ್ಮನ್ನು ಬೈದುಕೊಂಡೆ. ನಾನಂತೂ ಎರಡೆರಡು ಸಲ ಓದಿದೆ.

ಒಬ್ಬರು ಓದಿದ್ದರು, ನೀಲಗಂಗಾ ಅವರೇ. ಬೀಜದ ಲ್ಯಾಬ್ ನಡೆಸುತ್ತಿದ್ದ ಮಂದಾಕಿನಿ ಅಂಗಡಿ. ನಿಮ್ಮ ಸಂದೇಶವನ್ನು ಇಮೇಲ್‌ನಲ್ಲಿ ಓದಿದ ಅವರು, ತಾಣದ ತಮ್ಮ ಪಾಸ್‌ವರ್ಡ್ ನೆನಪಾಗದೆ, ಅಲ್ಲೇ ಇದ್ದ ಲ್ಯಾಬಿನ ಖಾತೆಯಿಂದ ಉತ್ತರ ಕಳಿಸಿದರು. ನಿಮಗೆ ಪರಿಚಯವಿಲ್ಲದ ಖಾತೆಯಾದ್ದರಿಂದ ಅದು ಅಪರಿಚಿತರ ಪೆಟ್ಟಿಗೆಗೆ ಬಿತ್ತು. ನೀವೋ, ಆ ಪೆಟ್ಟಿಗೆ ತೆರೆಯುವುದನ್ನೇ ಬಿಟ್ಟಿದ್ದಿರಿ. ಯಾಕೆಂದು ನನಗೆ ಗೊತ್ತು. ಅಲ್ಲಿದ್ದ ಗಂಡಸರ ಸಂದೇಶಗಳನ್ನೂ ಓದಬೇಕಾಯಿತು. 'ಮೇಡಂ, ಫೋಟೊ ಸೂಪರ್, ನಂಬರ್ ಕೊಡಿ.' ಅವರ ಕಾಟಕ್ಕೆ ನೀವು ಯಾರಿಗೂ ಫೋನ್ ನಂಬರ್ ಕೊಡುತ್ತಿರಲಿಲ್ಲ. ಹಾಗಾಗಿ ಮಂದಾಕಿನಿಯವರಿಗೂ ಬೇರೆ ದಾರಿ ಇರಲಿಲ್ಲ. ನಿಮ್ಮದೇನು ತಪ್ಪು? ಆ ಗಂಡಸರೆಲ್ಲ ಸತ್ತು ನೂರೈವತ್ತು ವರ್ಷವಾದರೂ ನನಗೆ ಸಿಟ್ಟು ಇಳಿದಿಲ್ಲ.

ಅವರು ಕಳಿಸಿದ್ದು ಧ್ವನಿ ಸಂದೇಶ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿದೆ. "ನೀಲಗಂಗಾ ಅವರ, ನೀವು ಬರೆದದ್ದು ಓದೀನ್ರಿ. ಮೊಳಕಿ ಎಣಿಸುಮುಂದ ಸೊಟ್ಟ ಮೊಳಕಿ ಕಂಡ್ರ ಇನ್ನೊಂದ್ ದಿನ ಕಾಯ್ತೀನಿ ಅಂತ ಬರದೀರಲ್ಲ, ಅಂಥಾವ್ರ ಯಾರೂ ಸಿಕ್ಕಿಲ್ರಿ ನನಗ. ನೀವ ಬೇಕು. ಸೋಮವಾರ ಮುಂಜಾನೆ ಬಂದ್ ಬಿಡ್ರಿ. ಕುರ್ಚಿ ಖಾಲಿ ಇಟ್ಟೀನಿ."

ಆ ಸೋಮವಾರ ಮಧ್ಯಾಹ್ನ ನೀವು ಇನ್ನೊಂದು ಕಂಪನಿಗೆ ಕೊನೆಯ ಸಂದೇಶ ಬರೆದಿರಿ: 'ಪದೇ ಪದೇ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಇನ್ನು ಯಾರಿಗೂ ಬರೆಯುವುದಿಲ್ಲ.' ಅದೇ ಹೊತ್ತಿಗೆ ಆರು ಕಿಲೋಮೀಟರ್ ದೂರದಲ್ಲಿ ಕುರ್ಚಿ ಖಾಲಿ ಇತ್ತು. ಇದನ್ನು ಓದಿದ ದಿನ ನಾನು ರೊಟ್ಟಿಯ ಗಂಟು ಬಿಚ್ಚಲಿಲ್ಲ, ಅತ್ತುಬಿಟ್ಟೆ.

ನಿವೃತ್ತಿಯ ದಿನ ಓಲೆಗಣ್ಣಿಗೆ ಒಂದು ಹಿಂಬರಹದ, ಅಂದರೆ ಹಿಂದಿನ ಕಾಲಕ್ಕೆ ಬರೆದು ಕಳಿಸುವ, ಅವಕಾಶವಿದೆ: ತಾನು ಓದಿದ ಯಾವುದಾದರೂ ಖಾತೆಗೆ, ಕಳೆದುಹೋದ ಒಂದು ದಿನಕ್ಕೆ, ಒಂದೇ ಪತ್ರ. ತಲುಪಿದ ಸುದ್ದಿ ಇದುವರೆಗೆ ಯಾರಿಗೂ ಬಂದಿಲ್ಲ. ಇಂದು ನನ್ನ ಸರದಿ. ಆ ಸೋಮವಾರದ ಹಿಂದಿನ ಭಾನುವಾರಕ್ಕೆ ಇದನ್ನು ಕಳಿಸುತ್ತಿದ್ದೇನೆ. ನಾನೂ ನಿಮಗೆ ಅಪರಿಚಿತಳೇ ಆದ್ದರಿಂದ ಇದೂ ಅದೇ ಪೆಟ್ಟಿಗೆಗೆ ಬೀಳುತ್ತದೆ. ಬೇರೆಡೆ ಹಾಕಲು ನಮಗೆ ಅನುಮತಿಯಿಲ್ಲ.

ಒಂದೇ ಒಂದು ಸಲ ಆ ಪೆಟ್ಟಿಗೆ ತೆರೆಯಿರಿ, ತಾಯಿ. ನನ್ನದನ್ನು ಓದದಿದ್ದರೂ ಬೇಸರವಿಲ್ಲ. ಇದರ ಕೆಳಗಿರುವುದನ್ನು ಕೇಳಿಸಿಕೊಳ್ಳಿ. ನಾಳೆ ಸೋಮವಾರ.